ಬಿಳಿ ಪುಡಿ

ಇಂದುಧರನನ್ನು ಮಣ್ಣು ಮಾಡಿದ ಮೂರನೆಯ ಬೆಳಿಗ್ಗೆ ಸುಮಿತ್ರಾ ಬಟ್ಟೆ ನೆನೆಹಾಕಿದಳು. ಗಂಡನ ಬಿಳಿ ಅಂಗಿಗಳಿಗೆ ಹೊಳಪು ಕೊಡುವ ಪುಡಿ ಹಾಕಲು ಹೋದ ಕೈ ಅಲ್ಲೇ ನಿಂತಿತು.

"ಇವತ್ತೇ ಒಗೀಬೇಕಾ, ತಾಯಿ?" ಅತ್ತೆ ರುದ್ರಮ್ಮ ಕೇಳಿದರು.

"ಸುಮ್ನೆ ಕೂರಕ್ಕಾಗಲ್ಲ ಅತ್ತೆ..."

ಆ ಪುಡಿಯಿಂದಲೇ ಗಂಡ ಹೆಂಡಿರ ಪರಿಚಯ. ಮೈಸೂರಿನ ಕಾಲೇಜಿನಲ್ಲಿ, ಭಾಷ್ಯಂ ಮೇಷ್ಟ್ರ ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಾಕಿದಾಗ, ಆ ಪುಡಿ ಹಾಕಿ ಒಗೆದ ಅವಳ ಬಿಳಿ ಸೆರಗು ನೀಲಿಯಾಗಿ ಬೆಳಗಿತ್ತು.

"ಸ್ವಲ್ಪ ದೂರ ನಿಲ್ತೀರಾ? ನನ್ನ ಗಾಜಿನ ನಳಿಕೆಗಿಂತ ನೀವೇ ಹೆಚ್ಚು ಹೊಳೀತಿದ್ದೀರಿ," ಎಂದಿದ್ದ ಇಂದುಧರ.

ಅವನದು ಮೂತ್ರದಲ್ಲಿರುವ ಒಂದು ಕಿಣ್ವವನ್ನು ಅಳೆಯುವ ಕೆಲಸ. ಕಿಣ್ವ ಹೆಚ್ಚಿದ್ದಷ್ಟೂ ಆ ದೀಪದಡಿ ನಳಿಕೆ ಹೆಚ್ಚು ನೀಲಿಯಾಗಿ ಹೊಳೆಯುತ್ತದೆ. ತೀರಾ ಹೊಳೆದರೆ ಕ್ಯಾನ್ಸರಿನ ಅನುಮಾನ.

ಮದುವೆಯಾಗಿ ಹಳೇಬೀಡಿನ ಹೈಸ್ಕೂಲಿನ ಕೆಲಸಕ್ಕೆ ಬಂದ ಮೇಲೂ, ನಿವೃತ್ತರಾಗಿ ಬೇಲೂರಿನಲ್ಲಿದ್ದ ಮೇಷ್ಟ್ರಿಂದ ಆ ದೀಪವನ್ನು ಎರವಲು ತಂದು ಕೆಲಸ ಮುಂದುವರಿಸಿದ. ಕಳೆದ ಶ್ರಾವಣದಲ್ಲಿ ತನ್ನ ಮೂತ್ರವನ್ನೇ ಪರೀಕ್ಷಿಸಿದ. ನಳಿಕೆ ಧಗ್ಗನೆ ಹೊಳೆಯಿತು.

"ನಳಿಕೇನ ಯಾವ ಬಟ್ಟೇಲಿ ಒರೆಸಿದೆ ಕಣೇ?"

"ನಿನ್ನೆ ಒಗೆದದ್ರಲ್ಲಿ... ಅಯ್ಯೋ, ಪುಡಿ ಹಾಕಿದ್ದೆ."

ಅವನು ನಕ್ಕುಬಿಟ್ಟ. "ಹಾಗಾದ್ರೆ ಇದು ನಿನ್ನ ಹೊಳಪು. ನಂದಲ್ಲ."

ಎರಡು ತಿಂಗಳು ಕಳೆದು ಮೂತ್ರದಲ್ಲಿ ರಕ್ತ ಕಂಡಾಗ ಕಾಲ ಮಿಂಚಿತ್ತು. ನನ್ನ ಬಟ್ಟೆಯೇ ಅವರನ್ನು ಕೊಂದಿತು... ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ, ಎರವಲು ದೀಪವನ್ನು ಹಿಂದಿರುಗಿಸಲೆಂದು ಅವನ ಹಳೆಯ ಬಿಳಿ ಅಂಗಿಯಲ್ಲಿ ಸುತ್ತಿಕೊಂಡು ಬೇಲೂರಿಗೆ ಹೋದಳು.

"ಬಾಮ್ಮ," ಎಂದರು ಭಾಷ್ಯಂ. ಕುರ್ಚಿ ಎಳೆದು ಕೊಟ್ಟರು.

"ಪುಡಿ ಹಾಕಿದ ಬಟ್ಟೇಲಿ ನಳಿಕೆ ಒರೆಸಿದವಳು ನಾನು ಮೇಷ್ಟ್ರೇ. ಹೊಳಪು ಅದರದೇ ಅಂದ್ಕೊಂಡು ಎರಡು ತಿಂಗಳು ಹೋಯ್ತು."

ಮೇಷ್ಟ್ರು ಕನ್ನಡಕ ತೆಗೆದರು.

"ನಳಿಕೆ ಹೊಳೆದ ಮಾರನೇ ದಿನವೇ ದೀಪ ಹಿಡ್ಕೊಂಡು ಇಲ್ಲಿಗೆ ಬಂದಿದ್ದ ಕಣಮ್ಮ. ಬಟ್ಟೆ ಸೋಕದ ಹೊಸ ನಳಿಕೆಯಲ್ಲಿ ಇಬ್ಬರೂ ನೋಡಿದ್ವಿ. ಮೊದಲಿನಷ್ಟೇ ಹೊಳೀತು. ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋದೆ. ಆಗಲೇ ಕೈಮೀರಿತ್ತು."

"ನನಗ್ಯಾಕೆ ಹೇಳಲಿಲ್ಲ?"

"'ನಾನಿರೋಷ್ಟು ದಿನ ಸುಮಿ ನಗ್ತಾ ಇರ್ಲಿ ಮೇಷ್ಟ್ರೇ' ಅಂದ. ನೀನು ಇದನ್ನ ತಲೆ ಮೇಲೆ ಹೊತ್ಕೋತೀಯ ಅಂತ ಪೆದ್ದನಿಗೆ ತೋಚಲಿಲ್ಲ. ನನಗೂ ತೋಚಲಿಲ್ಲ."

ಮೂರು ದಿನಗಳಿಂದ ಬಾರದ ಅಳು ಆಗ ಬಂತು. ಮೇಷ್ಟ್ರು ನೀರು ತಂದಿಟ್ಟರು.

"ಒಂದ್ಸಲ ದೀಪ ಹಾಕ್ತೀರಾ?"

ಅವರು ಕಿಟಕಿ ಮುಚ್ಚಿ ದೀಪ ಹಚ್ಚಿದರು. ಕತ್ತಲಲ್ಲಿ, ದೀಪದಿಂದ ಬಿಚ್ಚಿ ಅವಳ ಮಡಿಲ ಮೇಲಿಟ್ಟುಕೊಂಡಿದ್ದ ಅಂಗಿ, ತೋಳು, ಕಾಲರು, ಹೊಲಿದ ಗುಂಡಿಯ ಸುತ್ತಲೂ, ನೀಲಿಯಾಗಿ ಬೆಳಗಿತು.

"ದೀಪಕ್ಕೆ ಸುತ್ತಿಡೋಕೆ ಆ ಅಂಗೀನೂ ಇಲ್ಲೇ ಇರ್ಲೇನಮ್ಮ?"

"ಬೇಡ ಮೇಷ್ಟ್ರೇ. ನಿಮ್ಮದು ದೀಪ ಮಾತ್ರ."

ಅವಳು ಅಂಗಿಯನ್ನು ಮಡಿಸಿ ಎದೆಗೊತ್ತಿಕೊಂಡಳು.