ಖರ್ಜೂರದ ಬೀಜ ಹಿಡಿದ ಸೀಸ

ಐದು ವರ್ಷದ ಮಾಯ್ಸಾಳ ರಕ್ತದಲ್ಲಿ ಸೀಸವಿತ್ತು. ತೋಝರ್ ಊರಿನ ವೈದ್ಯರೊಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಇನ್‌ಸ್ಪೆಕ್ಟರ್ ಲಸ್ಸಾದ್, ನೀರು ಪರೀಕ್ಷಿಸುವ ಡೋರಾಳನ್ನು ಕರೆದುಕೊಂಡು ಮಗುವಿನ ಮನೆಗೆ ಬಂದ.

ಅಜ್ಜಿ ಝೋಹ್ರಾ ಬಾಗಿಲಲ್ಲೇ ಕೂಗಾಡಿದಳು. "ಇನ್ಯಾರು ಸಾಹೇಬ್ರೇ? ಈ ಮಲತಾಯೀನೇ ವಿಷ ಹಾಕಿದ್ದು! ಹಿಡ್ಕೊಂಡು ಹೋಗಿ!"

ಆ ಮಲತಾಯಿ, ಝೋಹ್ರಾಳ ಸೊಸೆ ಹನೀನ್, ಗೋಡೆಗೊರಗಿ ನಿಂತಿದ್ದಳು. ಅಲ್ಲವೆಂದು ಹೇಳದ ಅವಳ ಮೇಲೆ ಡೋರಾಳಿಗೂ ಅನುಮಾನ ಬಂತು.

ಡೋರಾ ಚೀಲದಿಂದ ಪುಟ್ಟ ಪರದೆಯ ಯಂತ್ರವನ್ನೂ ಅದಕ್ಕೆ ತಂತಿಯಿಂದ ಜೋಡಿಸಿದ ಗಾಜಿನ ಕೊಳವೆಯನ್ನೂ ತೆಗೆದಳು. ಕೊಳವೆಯ ತುದಿಯಲ್ಲಿ ಏನೋ ಕಪ್ಪಗೆ ಮೆತ್ತಿತ್ತು.

"ಏನ್ ಮೇಡಂ ಇದು, ಕಾಡಿಗೆನಾ?" ಲಸ್ಸಾದ್ ಕೇಳಿದ.

"ಖರ್ಜೂರದ ಬೀಜ. ಗಾಳಿಯಾಡದ ಹಾಗೆ ಸುಟ್ಟು, ಪುಡಿ ಮಾಡಿ, ಎಣ್ಣೇಲಿ ಕಲಸಿದ್ದು. ನೀರಲ್ಲಿ ಸೀಸ ಇದ್ರೆ ಇದಕ್ಕೆ ಅಂಟ್ಕೊಳ್ಳುತ್ತೆ. ಕರೆಂಟ್ ಹಾಯಿಸಿದ್ರೆ ಪರದೆ ಮೇಲೆ ಗೆರೆ ಏಳುತ್ತೆ."

"ನಾವು ತಿಂದು ಉಗಿಯೋ ಬೀಜ ಪತ್ತೇದಾರಿ ಮಾಡುತ್ತಾ!"

ನಲ್ಲಿ ನೀರಿಗೆ ಗೆರೆ ಏಳಲಿಲ್ಲ. ಬಾವಿ ನೀರಿಗೂ ಇಲ್ಲ.

"ಅವಳ ತವರಿನ ಹಸಿರು ಬಟ್ಟಲು ನೋಡಿ," ಅಜ್ಜಿ ಪಿಸುಗುಟ್ಟಿದಳು. "ಮಗೂಗೆ ಅದ್ರಲ್ಲೇ ಸೂಪ್ ಕೊಡ್ತಿದ್ಲು."

ಅಂಥ ಮಣ್ಣಿನ ಬಟ್ಟಲುಗಳ ಹೊಳಪು ಲೇಪದಲ್ಲಿ ಸೀಸವಿರುವುದುಂಟು. ಹುಳಿಗೆ ಸೀಸ ಬಿಡುತ್ತದೆಯೇ ಎಂದು ನೋಡಲು ಡೋರಾ ಅದಕ್ಕೆ ಹುಳಿನೀರು ತುಂಬಿ, ಮೊಹರು ಹಾಕಿಟ್ಟು ಹೋದಳು.

* * *

ಮರುದಿನ ಬಟ್ಟಲಿನ ನೀರಿಗೂ ಗೆರೆ ಏಳಲಿಲ್ಲ.

ಡೋರಾ ಮಗುವಿನ ಹಾಸಿಗೆಯ ಸುತ್ತ ಕಣ್ಣಾಡಿಸಿದಳು. ತಲೆದೆಸೆಯಲ್ಲಿ ಮುಚ್ಚಿಟ್ಟ ಮಣ್ಣಿನ ಹೂಜಿ. ಅದರ ನೀರು ಬಗ್ಗಿಸಿ ಕೊಳವೆ ಅದ್ದಿದಳು. ಗೆರೆ ಪರದೆಯ ಮೇಲಂಚು ಮುಟ್ಟಿತು.

"ಇದಕ್ಕೆ ನೀರು ತುಂಬೋರು ಯಾರು?"

"ನಾನೇ," ಎಂದಳು ಅಜ್ಜಿ. "ಅವಳನ್ನ ಇದರ ಹತ್ರಾನೂ ಸೇರಿಸಲ್ಲ."

ಡೋರಾ ಹೂಜಿಯನ್ನು ಬೋರಲು ಹಾಕಿದಳು. ನಿಂಬೆ ಹೋಳುಗಳ ಜೊತೆ ಬೂದುಬಣ್ಣದ ಗಟ್ಟಿಯೊಂದು ದಪ್ಪನೆ ಬಿತ್ತು.

"ನಲ್ಲೀಲಿಲ್ಲ, ಬಾವೀಲಿಲ್ಲ, ಬಟ್ಟಲಲ್ಲಿಲ್ಲ. ಸೀಸ ಕರಗಿದ್ದು ಈ ಹೂಜಿಯೊಳಗೇ. ನಿಂಬೆ ಹುಳಿ ಈ ಸೀಸದ ಗಟ್ಟೀನ ದಿನಾ ಒಂದಿಷ್ಟು ತಿಂದು ನೀರಿಗೆ ಬಿಡ್ತು. ಹೂಜಿ ಮುಟ್ಟೋರು ನೀವೊಬ್ರೇ, ಅಜ್ಜೀ."

ಅಜ್ಜಿ ಗಟ್ಟಿಯ ಪಕ್ಕ ಕುಳಿತು ಅಳತೊಡಗಿದಳು. "ದೃಷ್ಟಿ ತೆಗೆದ ಸೀಸ ಅದು. ಕರಗಿಸಿ ನೀರಿಗೆ ಹುಯ್ಯಿಸಿದ್ದೆ. ಈ ಸೊಸೆ ಕಣ್ಣು ಮಗೂಗೆ ತಾಗದಿರಲಿ ಅಂತ ಹೂಜೀಲಿ ಹಾಕಿಟ್ಟೆ. ನಿಂಬೆ ಇದ್ರೆ ಚೆನ್ನಾಗಿ ಕುಡೀತಾಳೆ ಅಂತ... ಅಯ್ಯೋ, ಮಗು ಉಳಿಯುತ್ತಾ?"

"ಕಾರಣ ಸಿಕ್ತಲ್ಲ, ಉಳಿಸ್ಕೋಬಹುದು."

ಲಸ್ಸಾದ್ ಯಾರ ಮುಖವನ್ನೂ ನೋಡದೆ ಟೋಪಿ ತಿರುಗಿಸುತ್ತ ನಿಂತ. ಆಗ ಹನೀನ್ ಮೊದಲ ಸಲ ಬಾಯಿ ತೆರೆದಳು.

"ಒಂಬತ್ತು ದಿನದಿಂದ ಓಣಿಯೆಲ್ಲ ನನ್ನನ್ನ ವಿಷ ಹಾಕಿದೋಳು ಅಂತಿದೆ. ಇಲ್ಲಿ ಅತ್ತರೆ ಸಾಲದು ಅತ್ತೇ. ಹೊರಗೆ ಹೋಗಿ ಹೇಳಿ."

ಝೋಹ್ರಾ ಮುಸುಕು ಎಳೆದುಕೊಂಡು ಎದ್ದು, ಎದುರುಮನೆಯ ಕದ ತಟ್ಟಿದಳು.