ಜಿಂಕೆ ಕಲ್ಲು ಕಳುವಾದ ದಿನ

ಗೂಡಿನಲ್ಲಿ ಜಿಂಕೆ ಕಲ್ಲು ಇರಲಿಲ್ಲ.

ಬೆಳಿಗ್ಗೆ ಗವಿಯ ಬೀಗ ತೆಗೆದು ಒಳಹೊಕ್ಕ ಸೊಸೆ ಗೂಡಿನ ಮುಂದೆ ನಿಂತುಬಿಟ್ಟಳು. ಎಂದೋ ಯಾರೋ ಕೆಮ್ಮಣ್ಣಿನಲ್ಲಿ ಓಡುವ ಜಿಂಕೆ ಬರೆದಿಟ್ಟ ಆ ಮೊಳದುದ್ದದ ಕಲ್ಲು ಗೋಡೆಯ ಗೂಡಿನಲ್ಲಿ ಸಡಿಲವಾಗಿ ಕೂತಿರುತ್ತಿತ್ತು. ಈಗ ಅಲ್ಲಿ ಧೂಳಿನ ಗುರುತಷ್ಟೇ ಉಳಿದಿತ್ತು. ಕೆಳಗೆ ಒಂದು ದೊಡ್ಡ ಟಾರ್ಚು ಬಿದ್ದಿತ್ತು, ಬಂದೂಕಣ್ಣನ ಟಾರ್ಚು.

ಬಂದೂಕಣ್ಣ ಒಂದು ಕಾಲದ ಬೇಟೆಗಾರ. ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸಿ ಗೈಡ್ ಆಗಿ ವರ್ಷಗಳಾದರೂ ಹೆಸರು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಆ ಟಾರ್ಚನ್ನು ಟಿಕೆಟ್ ಕೋಣೆಯ ಶೆಲ್ಫಿನ ಮೇಲಿಟ್ಟು, "ಇದ್ರಲ್ಲೇ ಪ್ರಾಣಿಗಳ ಕಣ್ಣು ಕುಕ್ಕಿಸ್ತಿದ್ದೆ ನಾನು, ಪಾಪಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ಸೊಸೆ ಓಡಿಹೋಗಿ ಅತ್ತೆಯನ್ನು ಕರೆತಂದಳು. ಅತ್ತೆ ಪೊಲೀಸ್ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಮನೆಯಲ್ಲಿ ಸಕ್ಕರೆ ಡಬ್ಬಿ ಜಾಗ ಬದಲಾದರೂ ತನಿಖೆ ನಡೆಸುವವರು. ಊರಿನ ಎಷ್ಟೋ ಕಳವುಗಳನ್ನು ಅವರು ಪತ್ತೆ ಹಚ್ಚಿದ್ದರು, ಪ್ರತಿಸಲವೂ ಸೊಸೆ ಬೆನ್ನಿಗಿದ್ದಳು.

ಗವಿಯ ಬಾಯಲ್ಲಿ ಅತ್ತೆ ನಿಂತರು. ಒಳಗಿನ ನೆಲ ಸವೆಯಬಾರದೆಂದು ಬಂದವರಿಗೆಲ್ಲ ಉಣ್ಣೆಯ ಮೆತ್ತನೆ ಜೋಡು ಕೊಡುವುದು ಗವಿ ನೋಡಿಕೊಳ್ಳುವ ಊರಿನ ಸಂಘದ ಪದ್ಧತಿ. ಜೋಡುಗಳು ಸಾಲಾಗಿ ಮಗುಚಿಟ್ಟಿದ್ದವು. ಎಲ್ಲಕ್ಕಿಂತ ದೊಡ್ಡ ಜೋಡಿಯನ್ನು ಎತ್ತಿ ಅತ್ತೆ ಅಡಿಭಾಗ ಮುಟ್ಟಿ ನೋಡಿದರು.

"ಇವನ್ನ ಯಾವಾಗ ಒಗೆದೆ?"

"ನಿನ್ನೆ ಬೆಳಿಗ್ಗೆ ಅತ್ತೆ. ನಿನ್ನೆ ರಜೆ ಅಲ್ವಾ, ಇಡೀ ದಿನ ಬಿಸಿಲಲ್ಲಿ ಒಣಗಿಸಿ ಸಂಜೆ ಇಟ್ಟೆ. ಗರಿಗರಿ ಆಗಿದ್ವು."

ಅತ್ತೆ ಒಳಗೆ ಹೋಗಿ, ಬಾವಲಿಗಳು ಬೆದರದಿರಲೆಂದು ಸಂಘದವರು ಬಳಸುವ ಕೆಂಪು ದೀಪ ಎತ್ತಿ ಚಾವಣಿ ನೋಡಿದರು. ಬಾವಲಿಗಳು ಮರಿಗಳೊಂದಿಗೆ ಗೊಂಚಲುಗೊಂಚಲಾಗಿ ತೂಗುತ್ತಿದ್ದವು. ಆಮೇಲೆ ಬಗ್ಗಿ ನೆಲವನ್ನು ಮೂಲೆಮೂಲೆಯೂ ಹುಡುಕಿದರು. ಅಲ್ಲಿ ಏನೂ ಇರಲಿಲ್ಲ, ಆದರೂ ಅವರ ಮುಖ ಯಾಕೋ ಇಳಿದುಹೋಯಿತು.

ಸೊಸೆ ಗಂಡನಿಗೆ ಫೋನ್ ಮಾಡಿದಳು. ಆ ಮಧ್ಯಾಹ್ನವೇ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿ ಬರುವವರಿದ್ದರು. ಗವಿ ಇನ್ನು ಮುಂದೆಯೂ ಊರಿನ ಸಂಘದ ಕೈಯಲ್ಲಿರಬೇಕೋ, ದೊಡ್ಡ ಹೋಟೆಲ್ ಕಂಪನಿಗೆ ಹೋಗಬೇಕೋ ಎಂಬುದು ಅಂದೇ ತೀರ್ಮಾನವಾಗಬೇಕಿತ್ತು. ಕಂಪನಿಯವರು ಗವಿಯೊಳಗೆ ಬಣ್ಣದ ದೀಪ, ಸಂಗೀತ ಎಲ್ಲ ಹಾಕುವವರಂತೆ. ಮೊದಲು ಗವಿ ಕುಡುಕರ ಅಡ್ಡೆಯಾಗಿತ್ತು. ಚಿತ್ರಗಳ ಮೇಲೆ ಇದ್ದಿಲಲ್ಲಿ ಹೆಸರು ಗೀಚುತ್ತಿದ್ದರು. ಅವಳೂ ಗಂಡನೂ ಮನೆಮನೆ ಅಲೆದು ಸಂಘ ಕಟ್ಟಿದ ಮೇಲೆ ಗುಡ್ಡದ ಮರಕ್ಕೆ ಕೊಡಲಿ ಬಿದ್ದಿರಲಿಲ್ಲ. ಓಡಿಹೋಗಿದ್ದ ಬಾವಲಿಗಳು ಮರಳಿದ್ದವು. ಮುದುಕಿಯರು ಮರೆಯುತ್ತ ಬಂದಿದ್ದ ಗವಿಯ ಕತೆಗಳನ್ನು ಪ್ರವಾಸಿಗರು ಕೇಳಿದರೆಂದೇ ಊರಿನ ಮಕ್ಕಳೂ ಕಲಿತಿದ್ದರು.

ಗಂಡ ಎರಡು ದಿನದಿಂದ ಪಟ್ಟಣದಲ್ಲಿದ್ದ. ಫೋನಿನಲ್ಲಿ ಸುದ್ದಿ ಕೇಳಿ ಮಧ್ಯಾಹ್ನದ ಬಸ್ಸಿಗೆ ಬಂದ. ಯಾವ ಬಾಗಿಲಲ್ಲೂ ತಲೆ ಬಗ್ಗಿಸದೆ ಒಳಬರಲಾಗದ ಆಳು. ಯಾವಾಗಲೂ ಬ್ಯಾಗನ್ನು ಹೊಸ್ತಿಲಲ್ಲೇ ಎಸೆದು ಕಾಫಿ ಕೇಳುವವನು, ಇವತ್ತು ತಾನೇ ಅದನ್ನು ಒಳಕೋಣೆಗೆ ಹೊತ್ತೊಯ್ದ. ಪಾಪ, ಅವನಿಗೂ ದಿಕ್ಕು ತೋಚುತ್ತಿಲ್ಲ ಎಂದುಕೊಂಡಳು ಸೊಸೆ.

ಸಂಘದ ಹಜಾರದಲ್ಲಿ ಎಲ್ಲರೂ ಸೇರಿದರು. ಅಧಿಕಾರಿಯ ಮುಂದೆ ಬಂದೂಕಣ್ಣ ತಲೆ ತಗ್ಗಿಸಿ ನಿಂತಿದ್ದ.

"ಟಾರ್ಚೇ ಸಿಕ್ಕಿದೆಯಲ್ಲ, ಇನ್ನೇನು ಬೇಕು?" ಎಂದ ಗಂಡ. "ನಂಬಿ ಕೆಟ್ವಿ."

"ನಾನಲ್ಲ ತಂಗಿ," ಎಂದು ಬಂದೂಕಣ್ಣ ಸೊಸೆಯ ಕಡೆ ನೋಡಿದ. ಅವಳು ಟಾರ್ಚಿನ ಕಡೆ ನೋಡಿದಳು.

"ಅವನಲ್ಲ," ಎಂದರು ಅತ್ತೆ. "ಆ ಟಾರ್ಚಿನ ಬಿಳಿ ಬೆಳಕು ಬಿದ್ದಿದ್ರೆ ಬಾವಲಿಗಳು ಗಾಬರಿಬಿದ್ದು ಹಾರಾಡಿ, ಮರಿಗಳು ಉದುರಿರೋವು. ನೆಲದ ಮೇಲೆ ಒಂದು ಮರಿಯೂ ಇಲ್ಲ. ಅಂದ್ರೆ ಕಳ್ಳ ಕೆಂಪು ದೀಪ ಹಿಡ್ಕೊಂಡು ಹೋಗಿದ್ದಾನೆ. ಶೆಲ್ಫಿನಿಂದ ಈ ಟಾರ್ಚು ತಂದು ಹಚ್ಚದೇನೇ ಬಿಸಾಕಿದ್ದಾನೆ, ನಾವು ನೋಡ್ಲಿ ಅಂತ."

"ಕೆಂಪು ದೀಪ, ಬೀಗದ ಕೈ ಬಂದೂಕಣ್ಣನ ಹತ್ರನೂ ಇವೆಯಲ್ಲಮ್ಮ?" ಎಂದ ಗಂಡ.

"ಇವೆ ಕಣೋ. ಆದ್ರೆ ಕಳ್ಳ ಇನ್ನೊಂದು ಕೆಲಸ ಮಾಡಿದ. ಕದಿಯೋಕೆ ಹೋಗುವಾಗ್ಲೂ ಚಪ್ಪಲಿ ಬಿಟ್ಟು ಉಣ್ಣೆ ಜೋಡು ಹಾಕ್ಕೊಂಡ. ಬರ್ತಾ ಒಪ್ಪವಾಗಿ ಮಗುಚಿಟ್ಟ. ಇಷ್ಟು ವರ್ಷದ ಅಭ್ಯಾಸ, ಕಾಲು ಕೇಳಬೇಕಲ್ಲ! ನಿನ್ನೆ ಗರಿಗರಿ ಒಣಗಿದ್ದ ಜೋಡುಗಳಲ್ಲಿ ಇವತ್ತು, ಸೊಸೆ ಹಾಕ್ಕೊಂಡಿದ್ದನ್ನ ಬಿಟ್ರೆ, ಒಂದು ಮಾತ್ರ ಗವಿಯ ಕೆಸರಲ್ಲಿ ಒದ್ದೆ. ಎಲ್ಲಕ್ಕಿಂತ ದೊಡ್ಡದು. ಅದರೊಳಗೆ ಬಂದೂಕಣ್ಣನ ಎರಡೂ ಕಾಲು ಹಿಡಿಸ್ತವೆ."

ಯಾರೂ ನಗಲಿಲ್ಲ. ಗಂಡನ ಕಾಲಿನ ಅಳತೆ ಕೊಟ್ಟು ಆ ಜೋಡಿಯನ್ನು ಹೊಲಿಸಿದವಳು ಸೊಸೆಯೇ. ಅವಳು ಗಂಡನ ಕಡೆ ತಿರುಗಿದಳು.

"ರೀ," ಎಂದಳು, "ನೀವು ಪಟ್ಟಣದಲ್ಲಿ ಇದ್ರಿ ತಾನೇ?"

"ಒಳಕೋಣೆಗೆ ಹೊತ್ಕೊಂಡು ಹೋದೆಯಲ್ಲ, ಆ ಬ್ಯಾಗು ಈಗ ಹಗುರ ಆಗಿದೆ," ಎಂದರು ಅತ್ತೆ. "ಕಲ್ಲು ನನ್ನ ಸೊಸೆಯ ಟ್ರಂಕಿನಲ್ಲಿದೆ, ಅವಳ ಸೀರೆಗಳ ಕೆಳಗೆ. ಈಗಷ್ಟೇ ನೋಡಿ ಬಂದೆ. ಯಾಕೋ ಮಗನೇ?"

ಗಂಡ ಕುರ್ಚಿ ಎಳೆದು ಕೂತ. "ಕಂಪನಿಯವರು ಗವಿ ಪೂರ್ತಿ ನನ್ನ ಕೈಗೇ ಕೊಡ್ತೀವಿ, ನೀನೇ ಮ್ಯಾನೇಜರ್ ಅಂದ್ರು. ದಿನಕ್ಕೆ ಹತ್ತು ಜನಕ್ಕೆ ಪಿಸುಮಾತಲ್ಲಿ ಕತೆ ಹೇಳ್ಕೊಂಡು ಮುದುಕ ಆಗ್ಲಾ ನಾನು? ನಿನ್ನೆ ರಾತ್ರಿ ಗುಟ್ಟಾಗಿ ಬಂದು ಕಲ್ಲು ತಗೊಂಡು ಹೋದೆ. ಸಂಘ ಹೋದ ಮೇಲೆ ವಾಪಸ್ ಇಡ್ತಿದ್ದೆ. ಅವಳ ಟ್ರಂಕು ಯಾರು ನೋಡ್ತಾರೆ ಅಂತ..."

"ಯಾರಾದ್ರೂ ನೋಡಿದ್ರೆ?" ಎಂದಳು ಸೊಸೆ. "ಕಳ್ಳಿ ಯಾರಾಗ್ತಿದ್ಲು?"

ಆ ಪ್ರಶ್ನೆ ಅವನಿಗೆ ಮೊದಲೇ ಹೊಳೆದಿತ್ತು ಎಂಬುದು ಅವನ ಮುಖದಲ್ಲೇ ಕಂಡಿತು. ಕಲ್ಲು ಕದ್ದದ್ದನ್ನು ಹೇಗೋ ಸಹಿಸಬಹುದಿತ್ತೇನೋ, ಇದನ್ನು ಅವಳಿಂದ ಸಹಿಸಲಾಗಲಿಲ್ಲ. ಎಲ್ಲರೆದುರೇ ಅತ್ತುಬಿಟ್ಟಳು. ಬಂದೂಕಣ್ಣ ನೀರು ತಂದುಕೊಟ್ಟ.

ಅಧಿಕಾರಿ ಅತ್ತೆಯ ಕಡೆ ತಿರುಗಿದರು. "ಕಲ್ಲು ಸಿಕ್ತಲ್ಲ, ಮನೆ ವಿಷಯ, ನೀವು ನೀವೇ ಮಾತಾಡ್ಕೊಳ್ಳೋದಾದ್ರೆ ನಾನು ಏನೂ ಅನ್ನಲ್ಲ. ಆದ್ರೆ ದೂರು ಕೊಡದೆ ಮುಚ್ಚಿಹಾಕಿದ ಸಂಘಕ್ಕೆ ಗವಿ ಒಪ್ಪಿಸೋದು ಕಷ್ಟ."

ಅತ್ತೆ ದೂರು ಬರೆಯಲು ಪೆನ್ನು ಕೇಳಿದರು.

ಸೊಸೆ ಕಣ್ಣೊರೆಸಿಕೊಂಡು ಪೆನ್ನು ತೆಗೆದುಕೊಂಡಳು. "ಬೇಡ ಅತ್ತೆ. ಹೆತ್ತವರ ಕೈಲಿ ಇದನ್ನ ಬರೆಸಬಾರದು."

ದೂರು ಉದ್ದವೇನೂ ಇರಲಿಲ್ಲ. ಕೊನೆಗೆ, ಆರೋಪಿ ತನಗೆ ಏನಾಗಬೇಕು ಎಂದು ಬರೆಯುವಲ್ಲಿ ಅವಳ ಕೈ ತಡೆಯಿತು. ಅತ್ತೆ ಅವಳ ಹೆಗಲ ಮೇಲೆ ಕೈಯಿಟ್ಟರು. 'ಗಂಡ' ಎಂದು ಬರೆದು ಅವಳು ಸಹಿ ಹಾಕಿದಳು.