ಹನ್ನೊಂದನೆಯ ಗ್ರಿಲ್

ಬೆಳಿಗ್ಗೆ ಎಂಟು ಹತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಕುಳಿತುಕೊಳ್ಳಲು ಒಪ್ಪಲಿಲ್ಲ. ನಿಂತೇ ದೂರು ಕೊಟ್ಟಳು. ಹಿಂದಿನ ದಿನ ಸಂಜೆ ಅವಳ ತಮ್ಮ ತನ್ನ ಮನೆಯ ಅಡುಗೆಕೋಣೆಯಲ್ಲಿ ಸತ್ತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ.

“ಕಲ್ಲು ತಿಂದು ಕರಗಿಸೋ ವಯಸ್ಸು ಮೇಡಂ ಅವನದು. ಅವನ ಹೆಂಡ್ತೀನೇ ಏನೋ ಮಾಡಿದಾಳೆ. ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಬೇಕಾದ್ರೆ ಹೋಗಿ ನೋಡಿ.”

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಹಳೆಯ ಹೆಡ್ ಕಾನ್‌ಸ್ಟೇಬಲ್ ದಫೇದಾರರನ್ನು ಕರೆದುಕೊಂಡು ಹೊರಟರು.

ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಒಂದು ಕೋಣೆ, ಅದರ ಹಿಂದೆ ಅಡುಗೆಕೋಣೆ. ಪಂಚನಾಮೆಗೆ ಬಂದ ಇಬ್ಬರು ಪಂಚರು ಸರದಿಯಲ್ಲಿ ಒಳಗೆ ಹೋಗಬೇಕಾಯಿತು, ಅಷ್ಟು ಇಕ್ಕಟ್ಟು. ಬಣ್ಣ ಬಳಿದವರು ಕಿಟಕಿಯ ಬಾಗಿಲನ್ನೂ ಚೌಕಟ್ಟನ್ನೂ ಸೇರಿಸಿ ಬಳಿದಿದ್ದರು. ಅದು ಅಂಟಿಕೊಂಡು ಎರಡು ವರ್ಷವಾಗಿತ್ತು. ದಫೇದಾರರು ಚಾಕುವಿನಿಂದ ಬಣ್ಣ ಕೊರೆದು, ಹೆಗಲು ಕೊಟ್ಟು ತೆರೆದರು.

ಒಲೆಕಟ್ಟೆಯ ಮೇಲೆ ಹೊಸ ಗ್ರಿಲ್ ಇತ್ತು. ಜಾಲರಿಯ ಮೇಲೆ ಎರಡು ಮೀನು, ಕೆಳಗಿನ ತಟ್ಟೆಯಲ್ಲಿ ಬೂದಿಯಾದ ಇದ್ದಿಲು. ಸತ್ತವನ ಹೆಂಡತಿ ಹೊರಕೋಣೆಯ ಗೋಡೆಗೆ ಒರಗಿ ಕುಳಿತಿದ್ದಳು.

“ಇದನ್ನ ತಂದಿದ್ದು ಯಾರಮ್ಮ?”

“ನಾನು. ನಾನೇ ಆರಿಸಿದ್ದು.”

“ಇದ್ದಿಲನ್ನ ಮನೆಯೊಳಗೆ ಉರಿಸಬಾರದು ಅಂತ ಗೊತ್ತಿರಲಿಲ್ವಾ?”

“ಅಂಗಡೀಲಿ ಮೂರು ಸಲ ಕೇಳಿದೆ. ನಮ್ಮ ಕಿಟಕಿ ತೆಗೆಯೋಕೆ ಬರಲ್ಲ ಅಂತಾನೂ ಹೇಳಿದೆ. ಇದು ಹೊಗೆ ಇಲ್ಲದ ಇದ್ದಿಲು, ಹೊಗೇನೇ ಇಲ್ಲ ಅಂದ್ಮೇಲೆ ಭಯ ಯಾಕೆ, ಗ್ಯಾರಂಟಿ ಅಂದ.”

“ನಿನ್ನೆ ನೀವೆಲ್ಲಿದ್ರಿ?”

“ಬಟ್ಟೆ ಒಗೆಯೋ ಕಾರ್ಖಾನೇಲಿ. ನೀನು ಬರೋ ಹೊತ್ತಿಗೆ ಮೀನು ಸುಟ್ಟಿಡ್ತೀನಿ ಅಂದಿದ್ರು.”

ಬಾಗಿಲಲ್ಲಿ ನಿಂತಿದ್ದ, ದೂರು ಕೊಟ್ಟ ಅತ್ತಿಗೆ “ನಾಟಕ” ಎಂದಳು. ಹೆಂಡತಿ ತಲೆ ಎತ್ತಲಿಲ್ಲ. ಹೊರಗೆ ಹೋಗಬೇಕೆಂದರೆ ಅತ್ತಿಗೆಯನ್ನು ದಾಟಬೇಕು, ಒಳಗೆ ಹೋಗಬೇಕೆಂದರೆ ಆ ಅಡುಗೆಕೋಣೆ. ನಡುವೆ ಕುಳಿತೇ ಇದ್ದಳು.

ಹನ್ನೊಂದೂವರೆಗೆ ಶವಪರೀಕ್ಷೆ ಮಾಡಿದ ವೈದ್ಯರು ಫೋನ್ ಮಾಡಿದರು. ಕಾರ್ಬನ್ ಮೊನಾಕ್ಸೈಡ್. “ಕಣ್ಣಿಗೆ ಕಾಣಲ್ಲ, ಮೂಗಿಗೆ ಸಿಗಲ್ಲ. ಹೊಗೆ ಬಂದಿದ್ರೆ ಕೆಮ್ಮಿಕೊಂಡಾದ್ರೂ ಹೊರಗೆ ಬರ್ತಿದ್ದ, ಪಾಪ.”

ಗ್ರಿಲ್ ಬಂದ ಪೆಟ್ಟಿಗೆಯ ಮೇಲೆ ‘ಮನೆಯೊಳಗೆ ಬಳಸಲು ಯೋಗ್ಯ’ ಎಂಬ ಚೀಟಿಯಿತ್ತು. ದಫೇದಾರರು ಅದನ್ನು ಠಾಣೆಯ ಚಹಾ ಕೆಟಲಿನ ಹಬೆಗೆ ಹಿಡಿದು ಮೆಲ್ಲಗೆ ಸುಲಿದರು. ಕೆಳಗೆ ಕೆಂಪಕ್ಷರ: ‘ಬಯಲಿನಲ್ಲಿ ಮಾತ್ರ. ಮುಚ್ಚಿದ ಜಾಗದಲ್ಲಿ ಉರಿಸಿದರೆ ಪ್ರಾಣಾಪಾಯ.’

“ಹುಣ್ಣಿನ ಮೇಲೆ ಪೌಡರ್ ಬಳಿದ ಹಾಗಿದೆ ಮೇಡಂ,” ಎಂದರು ದಫೇದಾರರು.

ಗೃಹೋಪಯೋಗಿ ಸಾಮಾನಿನ ಆ ಅಂಗಡಿಯಲ್ಲಿ ಕಣ್ಣಿಗೆ ಮೊದಲು ಬಿದ್ದದ್ದು ಗಲ್ಲಾಪೆಟ್ಟಿಗೆಯ ಹಿಂದಿನ ಕಪ್ಪು ಹಲಗೆ. ‘ಈ ತಿಂಗಳ ತಪ್ಪು’ ಎಂಬ ತಲೆಬರಹದ ಕೆಳಗೆ, ಮಿಕ್ಸಿಯ ಬದಲು ಇಸ್ತ್ರಿಪೆಟ್ಟಿಗೆ ಕಳಿಸಿದವನ ಹೆಸರು, ಪಕ್ಕದಲ್ಲಿ ಅವನ ಫೋಟೊ.

“ಇದು ನಮ್ಮ ಪದ್ಧತಿ. ಒಂದು ತಿಂಗಳು ಗಿರಾಕಿಗಳೆಲ್ಲ ನೋಡಲಿ, ಆಮೇಲೆ ತಪ್ಪೇ ಆಗಲ್ಲ,” ಎಂದ ಮಾಲೀಕ.

ಗ್ರಿಲ್ ಮಾರುವವನು ಹತ್ತೊಂಬತ್ತು ವರ್ಷದಿಂದ ಅಲ್ಲಿದ್ದವನು. ಏನು ಕೇಳಿದರೂ ಅದೇ ಮಾತು ಹೇಳುವುದರಿಂದ ಅವನಿಗೆ ‘ಗ್ಯಾರಂಟಿ’ ಎಂದೇ ಹೆಸರು. ಚೀಟಿ ಮುದ್ರಿಸುವ ಯಂತ್ರ ಅವನ ಮೇಜಿನ ಮೇಲಿತ್ತು. ಇನ್ಸ್‌ಪೆಕ್ಟರ್ ಹಳೆಯ ಆರ್ಡರ್ ಹಾಳೆ ತೆಗೆಸಿದರು. ಕರೆಂಟ್ ಗ್ರಿಲ್ ನಲವತ್ತು ಬೇಕಿತ್ತು. ಗುರುತು ಬಿದ್ದದ್ದು ಕೆಳಗಿನ ಸಾಲಿಗೆ, ಇದ್ದಿಲಿನದಕ್ಕೆ. ಸಹಿ ಗ್ಯಾರಂಟಿಯದು.

ನಲವತ್ತರಲ್ಲಿ ಹನ್ನೊಂದು ಹೋಗಿದ್ದವು. ಒಂದು ಸತ್ತವನ ಮನೆಗೆ. ಎರಡೂವರೆಯಿಂದ ಇಬ್ಬರು ಕಾನ್‌ಸ್ಟೇಬಲ್‌ಗಳು ಉಳಿದವರಿಗೆ ಫೋನ್ ಮಾಡುತ್ತ ಕುಳಿತರು: ಹಚ್ಚಿದ್ದರೆ ಹೊರಗಿಡಿ, ಹಚ್ಚಿಲ್ಲವಾದರೆ ಹಚ್ಚಬೇಡಿ. ಒಬ್ಬ ಅಜ್ಜ, ನನಗೇ ಬುದ್ಧಿ ಹೇಳ್ತೀಯಾ ಎಂದು ಬೈದು, ಆಮೇಲೆ ಹೊರಗಿಟ್ಟ. ಒಂಬತ್ತು ಮನೆ ಸಿಕ್ಕವು. ಹನ್ನೊಂದನೆಯ ಬಿಲ್ಲಿನಲ್ಲಿ ಹೆಸರಿನ ಜಾಗದಲ್ಲಿ ‘ಸಿಬ್ಬಂದಿ’ ಎಂದಷ್ಟೇ ಇತ್ತು.

ಐದು ಇಪ್ಪತ್ತಕ್ಕೆ ಠಾಣೆಯಲ್ಲಿ ವಿಚಾರಣೆ. ಗ್ಯಾರಂಟಿಯ ಫೋನು ಮೇಜಿನ ಮೇಲಿತ್ತು.

“ಚೀಟಿ ಅಂಟಿಸಿದ್ದು ನೀನಾ?”

“ಕಂಪನಿಯಿಂದಲೇ ಹಾಗೆ ಬಂದಿದ್ದು ಮೇಡಂ.”

“ಸಿಬ್ಬಂದಿ ಅಂತ ಇದೆಯಲ್ಲ, ಅದು ಯಾರು?”

ಅವನು ಮೊದಲ ಸಲ ನೆಟ್ಟಗೆ ಕುಳಿತ. “ನಾನೇ ಮೇಡಂ. ಎರಡು ತಿಂಗಳಿಂದ ನಮ್ಮನೇಲಿ ಅದರಲ್ಲೇ ಅಡುಗೆ. ಹೆಂಡ್ತಿ, ಮಗಳು, ನಾನು, ಒಂದೇ ಕೋಣೆ. ಯಾರಿಗೂ ತಲೆನೋವೂ ಬಂದಿಲ್ಲ. ವಿಷ ಆಗಿದ್ರೆ ನಾನು ನನ್ನ ಮಗಳ ಮುಂದೆ ಇಡ್ತಿದ್ನಾ?”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. ಸುಳ್ಳು ಹೇಳುವವನ ಮುಖ ಅದಲ್ಲ.

“ಕಿಟಕಿ ಇದೆಯಾ?”

“ಇದೆ. ಒಂದು ಗಾಜು ಒಡೆದು ಎಂಟು ತಿಂಗಳಾಯ್ತು, ಮನೆ ಓನರ್ ಹಾಕಿಸ್ತಿಲ್ಲ.”

ಆಗಲೇ ಫೋನು ಬಡಿದುಕೊಂಡಿತು. ಅವನ ಹೆಂಡತಿ. ಇನ್ಸ್‌ಪೆಕ್ಟರ್ ಸ್ಪೀಕರ್ ಒತ್ತಿ, ಮಾತಾಡು ಎಂದು ಸನ್ನೆ ಮಾಡಿದರು.

“ರೀ, ಎಲ್ಲಿದೀರಿ? ಕೊನೆಗೂ ಗಾಜಿನವನು ಬಂದ ಕಣ್ರೀ! ಮಧ್ಯಾಹ್ನ ಕೂರಿಸಿ ಹೋದ. ಇರುವೆ ನುಸುಳೋಕೂ ಜಾಗ ಇಲ್ಲ. ಮನೆ ಈಗ ಬೆಚ್ಚಗೆ ಗೂಡಿನ ಹಾಗಿದೆ.”

ಗ್ಯಾರಂಟಿ ಕುರ್ಚಿಯಿಂದ ಅರ್ಧ ಎದ್ದ.

“ಮಗು ಆಗಲೇ ಮಲಗಿಬಿಟ್ಟಿದೆ, ಎಬ್ಬಿಸಿದ್ರೆ ಏಳ್ತಿಲ್ಲ ಸೋಮಾರಿ. ನನಗೂ ಯಾಕೋ ತಲೆ ಸುತ್ತುತ್ತೆ. ಜೋಳದ ತೆನೆ ಇಟ್ಟಿದೀನಿ ಗ್ರಿಲ್ ಮೇಲೆ—”

“ಬಾಗಿಲು ತೆಗಿ!” ಅವನು ಫೋನಿನ ಮೇಲೆ ಬಿದ್ದ. “ಬಾಗಿಲು ತೆಗಿ, ಮಗೂನ ಹೊರಗೆ ಎಳಿ! ಕಿಟಕಿ ತೆಗಿ!”

“ಏನಾಯ್ತ್ರೀ? ಗಾಜಿನ ಸುತ್ತ ಮೆತ್ತಿದ್ದು ಇನ್ನೂ ಹಸಿ ಇದೆ, ನಾಳೆವರೆಗೂ ಮುಟ್ಟಬೇಡಿ ಅಂದಿದಾನೆ—”

“ಒಡಿ ಅದನ್ನ!”

“ಎಂಟು ತಿಂಗಳು ಕಾಲು ಹಿಡಿದು ಹಾಕ್ಸಿದ್ದು—”

“ಒಡಿಯೇ! ನಿನ್ನ ದಮ್ಮಯ್ಯ, ಒಡಿ!”

ಆ ಕಡೆ ಏನೋ ಬಿದ್ದ ಸದ್ದು. ಆಮೇಲೆ ಗಾಜು ಒಡೆಯಿತು.

ದಫೇದಾರರು ಅಷ್ಟರಲ್ಲಿ ಆಂಬುಲೆನ್ಸ್‌ಗೆ ವಿಳಾಸ ಹೇಳುತ್ತಿದ್ದರು. ಆರು ಗಂಟೆಗೆ ಆಸ್ಪತ್ರೆಯಿಂದ ಸುದ್ದಿ ಬಂತು. ಮಗು ಕಣ್ಣು ತೆರೆದು, ಅಪ್ಪ ಎಲ್ಲಿ ಎಂದು ಕೇಳಿತ್ತು. ಅದನ್ನು ಕೇಳಿದ ಮೇಲೆ ಗ್ಯಾರಂಟಿ ಯಾರೂ ಕೇಳದೆಯೇ ಹೇಳಿಕೆ ಕೊಟ್ಟ. ಆರು ನಲವತ್ತಕ್ಕೆ ಬಂಧನ ದಾಖಲಾಯಿತು.

ಹೇಳಿಕೆ ಒಂದೂವರೆ ಪುಟ. ತಪ್ಪು ಸಾಲಿಗೆ ಗುರುತು ಹಾಕಿದ್ದು ಸರಕು ಬಂದ ದಿನವೇ ತಿಳಿದಿತ್ತು. ಮೂರು ವರ್ಷದ ಹಿಂದೆ ಒಮ್ಮೆ ಅವನ ಫೋಟೊ ಆ ಹಲಗೆಗೆ ಏರಿತ್ತು. ಊಟದ ಡಬ್ಬಿ ತಂದ ಮಗಳು ಅದನ್ನು ಕಂಡು, “ಅಪ್ಪನಿಗೆ ಬಹುಮಾನ ಬಂದಿದೆ” ಎಂದು ಅಂಗಡಿಯ ಎಲ್ಲರಿಗೂ ತೋರಿಸಿ ಕುಣಿದಿದ್ದಳು. ಈಗ ಅವಳಿಗೆ ಓದಲು ಬರುತ್ತಿತ್ತು, ಇನ್ನೊಮ್ಮೆ ಏರುವಂತಿರಲಿಲ್ಲ. ಆದ್ದರಿಂದ ಚೀಟಿ ಅಂಟಿಸಿದ. ಮನಸ್ಸು ಕೊರೆದದ್ದಕ್ಕೆ ಒಂದನ್ನು ಮನೆಗೊಯ್ದು ಪರೀಕ್ಷಿಸಿದ, ಒಡೆದ ಗಾಜಿನ ಕಿಟಕಿಯ ಕೆಳಗಿಟ್ಟು.

ಇನ್ಸ್‌ಪೆಕ್ಟರ್ ನಾಲ್ಕು ಮಹಡಿ ಹತ್ತಿ ಹೋಗಿ, ಸತ್ತವನ ಹೆಂಡತಿಗೆ ಚೀಟಿಯಿಂದ ಹಿಡಿದು ಆ ಫೋನಿನವರೆಗೆ ತಾವೇ ಹೇಳಿದರು. ನಿಮ್ಮ ಮೇಲೆ ಯಾವ ಸಂಶಯವೂ ಇಲ್ಲ ಎಂದರು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೂಲೆಗೆ ಸರಿದಳು. ಬಾಗಿಲು ಖಾಲಿಯಾಯಿತು. ಆದರೂ ಅವಳು ಏಳಲಿಲ್ಲ.

“ಅವರ ಮನೆಯವರು ಗಾಜು ಒಡೆದ್ರಾ?” ಎಂದು ಕೇಳಿದಳು.

“ಹೂಂ. ಒಂದೇ ಸಲ ಹೇಳಿದ್ದಲ್ಲ, ಎರಡು ಮೂರು ಸಲ ಕಿರುಚಿದ ಮೇಲೆ.”

“ನಾನೂ ಅಂಗಡೀಲಿ ಮೂರು ಸಲ ಕೇಳಿದ್ದೆ,” ಎಂದಳು ಅವಳು.